ಕೋಳಿಗೂಡಿನ ಗಾಳಿಕಿಂಡಿ

ಅಕ್ಟೋಬರ್ 6

ನನ್ನ ಕ್ಯಾಪ್ಟನ್ ಮಗಳಿಗೆ,

ಕ್ಯಾಪ್ಟನ್ ಅಲ್ಲ, ಸೆಕೆಂಡ್ ಆಫೀಸರ್ ಎಂದು ತಿದ್ದಲು ಬರಬೇಡ. ಹಡಗಿನಲ್ಲಿ ನಿನ್ನ ಮೇಲೆ ಯಾರ್ಯಾರಿದ್ದಾರೋ ಅದು ಅವರ ಹಣೆಬರಹ. ಈ ಮನೆಯ ಮಟ್ಟಿಗೆ ನೀನೇ ಕ್ಯಾಪ್ಟನ್. ಇದನ್ನೆಲ್ಲ ನೀನು ಫೋನ್ ಮಾಡಿದಾಗಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಮಾತಾಡುವುದು ನಿನ್ನ ಅಮ್ಮನ ಖಾತೆಯಾಗಿತ್ತು. ನಾನು ಹಿಂದೆ ನಿಂತು "ಸ್ವೆಟರ್ ಹಾಕ್ಕೋತಾಳಾ ಕೇಳು" ಅನ್ನುವವನು. ಈಗ ಫೋನು ನನ್ನ ಕೈಗೆ ಬಂದರೆ ಇಬ್ಬರೂ "ಊಟ ಆಯ್ತಾ" ಎಂದು ಕೇಳುತ್ತೇವೆ, ಆಯ್ತು ಎನ್ನುತ್ತೇವೆ, ಆಮೇಲೆ ಸಮುದ್ರದ ಸದ್ದು ಕೇಳುತ್ತಾ ಕೂರುತ್ತೇವೆ. ಕಾಗದವಾದರೆ ನನಗೆ ಧೈರ್ಯ. ಎಂದಿನಂತೆ ಬಂದರಿನ ಏಜೆಂಟರ ವಿಳಾಸಕ್ಕೇ ಹಾಕುತ್ತಿದ್ದೇನೆ. ನಿನ್ನ ಹಡಗು ಅಲ್ಲಿಗೆ ಯಾವಾಗ ಬರುತ್ತದೋ ಆಗ ಓದು.

ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್ ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಮೇಲೆ ಸಬ್ಜೆಕ್ಟೇ ಬರೆದಿಲ್ಲ, ಇರಲಿ. ಸಬ್ಜೆಕ್ಟು, ಕೋಳಿ.

ಮೊನ್ನೆ ಬೆಳಿಗ್ಗೆ ಗೋಡೆಯಾಚೆಯ ಟೈಲರಮ್ಮ ತಮ್ಮ ಹೊಲಿಗೆ ಕೋಣೆಯ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ ನನ್ನನ್ನು ಕರೆದರು. ನಿನಗೆ ಗೊತ್ತಲ್ಲ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಲೋಕದ ಸುದ್ದಿಯೆಲ್ಲ ಮಾತಾಡುವ ಹೆಂಗಸು. ಆವತ್ತು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಮೇಲಿಟ್ಟರು. ವಿಷಯ ದೊಡ್ಡದೆಂದು ಅಲ್ಲೇ ಗೊತ್ತಾಯಿತು.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ನಿಮಗೆ ಮೂಗು ಇದೆ ತಾನೇ?"

"ಇದೆಯಲ್ಲಮ್ಮ, ಕಾಣ್ತಿಲ್ವಾ?"

"ಕಾಣೋದಕ್ಕೇನೋ ಕಾಣತ್ತೆ. ಕೆಲಸ ಮಾಡತ್ತಾ ಅಂತ ಕೇಳಿದ್ದು. ನಿನ್ನೆ ಮದುವೆ ಹುಡುಗಿ ಅಳತೆ ನೋಡೋಕೆ ಬಂದಿದ್ಲು. ಬಟ್ಟೆ ಮೂಸಿ ನೋಡಿ ಬಿಚ್ಚಾಕಿ ಹೋದ್ಲು. ನಾನು ಹೊಲಿದಿದ್ದೆಲ್ಲ ಈಗ ಕೋಳಿಗೂಡು ನಾತ. ಚಳಿ ಮುಗಿದ್ರೆ ನನಗೆ ಮದುವೆ ಸೀಸನ್ನು. ಅಷ್ಟರೊಳಗೆ ಒಂದೋ ನಾತ ಹೋಗ್ಬೇಕು, ಇಲ್ಲ ಕೋಳಿ ಹೋಗ್ಬೇಕು. ಇಲ್ದಿದ್ರೆ ನಾನೇ ನಗರಸಭೆಗೆ ಹೋಗ್ತೀನಿ." ಇಷ್ಟು ಹೇಳಿ ಪಿನ್ನು ಮತ್ತೆ ಬಾಯಿಗಿಡುವ ಮೊದಲು ಇನ್ನೊಂದು ಮಾತು ಸೇರಿಸಿದರು. "ನಿಮ್ಮ ಮನೆಯವರಿದ್ದಾಗ ಒಂದೇ ಒಂದು ದಿನ ಹೀಗಿರ್ಲಿಲ್ಲ ನೋಡಿ."

ಕೊನೆಯ ಮಾತು ಸರಿಯಾದ ಜಾಗಕ್ಕೇ ಚುಚ್ಚಿತು.

ನನ್ನ ಮೂಗು ಬಣ್ಣದ ಕಾರ್ಖಾನೆಯಲ್ಲಿ ತಿನ್ನರ್ ಡ್ರಮ್ಮುಗಳ ಪಕ್ಕದಲ್ಲೇ ರಾಜೀನಾಮೆ ಕೊಟ್ಟದ್ದು ನಿನಗೆ ಗೊತ್ತಿರುವ ಕಥೆ. ಟೈಲರಮ್ಮನಿಗೆ ಗೊತ್ತಿಲ್ಲ. ಹೇಳಲು ಒಂಥರಾ ಆಯಿತು. ನಿನ್ನ ಅಮ್ಮ ಇರುವತನಕ ಅದು ಲೋಪವೆಂದು ಅನಿಸಿಯೇ ಇರಲಿಲ್ಲ. ಹಾಲು ಕೆಟ್ಟಿದೆಯೋ, ಗ್ಯಾಸು ಸೋರುತ್ತಿದೆಯೋ, ಎಲ್ಲ ಅವಳ ಇಲಾಖೆ. ಹೊರಗೆ ಹೊರಟಾಗ ಕಾಲರ್ ಹಿಡಿದು ಎಳೆದು ಒಮ್ಮೆ ಮೂಸಿ, "ನಡೀರಿ" ಅನ್ನುವಳು, ಇಲ್ಲ "ಬಿಚ್ಚಿ" ಅನ್ನುವಳು. ಅವಳು ಹೋದ ಮೇಲೆ ನಾನು ಸುಮ್ಮನೆ ದಿನಾ ಅಂಗಿ ಬದಲಿಸುತ್ತೇನೆ. ಆದರೆ ಗೂಡಿಗೆ ಅಂಗಿ ಬದಲಿಸುವುದು ಹೇಗೆ?

ಅವಳು ಗೂಡಿನಲ್ಲಿ ಏನು ಮಾಡುತ್ತಿದ್ದಳು ಎಂದು ನಾನು ಯಾವತ್ತೂ ಕೇಳಿದವನಲ್ಲ. ಹೋಗುತ್ತಿದ್ದಳು, ಏನೋ ಗುಡುಗುಡು ಮಾಡಿ ಬರುತ್ತಿದ್ದಳು, ಕೈಯಲ್ಲಿ ಮೊಟ್ಟೆ ಇರುತ್ತಿತ್ತು. ಮೇಡಂ, ಪೊರಕೆ, ಜಗಳಗಂಟಿ, ಪುಕ್ಕಲಿ, ನಾಲ್ಕೂ ಅವಳು ಹೆಸರಿಟ್ಟು ಬೆಳೆಸಿದ ಜೀವಗಳು. ಅವನ್ನು ಯಾರಿಗೋ ಕೊಟ್ಟು ಕೈತೊಳೆದುಕೊಂಡರೆ, ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆರೆಯಲು ನನಗೆ ಕಾರಣವೇ ಇರುವುದಿಲ್ಲ ಮಗಳೇ. ಆದ್ದರಿಂದ ನಾತವೇ ಹೋಗಬೇಕು.

ಹೆದರಬೇಡ, ಉಪಾಯ ಹೊಳೆದಿದೆ. ವಾಸನೆ ಹೊರಗೆ ಬರುತ್ತಿದೆ ಎಂದರೆ ಬರಲು ದಾರಿ ಇದೆ ಎಂದಾಯಿತು. ದಾರಿ ಮುಚ್ಚಿದರೆ ಮುಗಿಯಿತು. ಸಿಂಪಲ್ ಲಾಜಿಕ್.

ಯುವರ್ಸ್ ಫೇತ್‌ಫುಲ್ಲಿಯೋ ಒಬೀಡಿಯಂಟ್ಲಿಯೋ, ಯಾವುದು ಸರಿಯೋ ಅದನ್ನು ಇಟ್ಟುಕೋ,
ಅಪ್ಪ


ಅಕ್ಟೋಬರ್ 29

ಕ್ಯಾಪ್ಟನ್ ಮಗಳಿಗೆ,

ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ಮಾಡಿದ ಕೆಲಸ ಯಾರಿಗಾದರೂ ಹೇಳಬೇಕಲ್ಲ. ಕೋಳಿಗಳಿಗೆ ಹೇಳಿದೆ, ಕತ್ತು ಓರೆ ಮಾಡಿ ನೋಡಿದವು.

ಗೂಡಿಗೆ ಪೂರ್ತಿ ಬಂದೋಬಸ್ತು ಮಾಡಿದ್ದೇನೆ. ಜಾಲರಿಯ ಸುತ್ತ ದಪ್ಪ ಪ್ಲಾಸ್ಟಿಕ್ ಹೊದಿಸಿ ಮೊಳೆ ಹೊಡೆದೆ. ಮಾಡಿನ ಕೆಳಗೆ ಎರಡೂ ಕಡೆ ಉದ್ದಕ್ಕೆ ಒಂದು ಕಿಂಡಿ ಇತ್ತು. ಯಾವ ಬಡಗಿ ಅಳತೆ ತಪ್ಪಿ ಬಿಟ್ಟಿದ್ದನೋ! ಅದಕ್ಕೆ ಹಳೇ ಬಟ್ಟೆ ತುರುಕಿದೆ. ಚಳಿಯೂ ಬರುತ್ತಿದೆ, ಪಾಪ, ಅವಕ್ಕೂ ಬೆಚ್ಚಗಿರುತ್ತದೆ. ಈಗ ಒಳಗೆ ಹೋದರೆ ನಿನ್ನ ಹಡಗಿನ ಕ್ಯಾಬಿನ್ನಿನ ಹಾಗೆ, ಒಂದು ಎಳೆ ಗಾಳಿ ನುಗ್ಗುವುದಿಲ್ಲ. ಬೆಳಿಗ್ಗೆ ಪ್ಲಾಸ್ಟಿಕ್ಕಿನ ಒಳಮೈ ಮೇಲೆಲ್ಲ ನೀರಹನಿ ಸಾಲುಸಾಲಾಗಿ ಮುತ್ತಿನ ಹಾಗೆ ನಿಂತಿರುತ್ತದೆ. ನೋಡಲು ಚೆಂದ.

ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯವನು ಕೊಟ್ಟ ಮಲ್ಲಿಗೆ ವಾಸನೆಯ ಫಿನಾಯಿಲನ್ನು ನೀರಿಗೆ ಬೆರೆಸಿ ನೆಲಕ್ಕೆಲ್ಲ ಧಾರಾಳವಾಗಿ ಸುರಿದೆ. ಮಾರನೇ ದಿನ ಕಿಟಕಿಯತ್ತ ನೋಡಿ "ಈಗ ಹೇಗಿದೆಯಮ್ಮ?" ಎಂದೆ. ಟೈಲರಮ್ಮ ಪಿನ್ನು ತೆಗೆಯದೆಯೇ ಹೇಳಿದರು: "ಕೊಳೆತ ಮೊಟ್ಟೆ ಸೆಂಟು ಹಾಕ್ಕೊಂಡು ಮದುವೆಗೆ ಹೊರಟ ಹಾಗಿದೆ." ಮೊದಲ ದಿನವಲ್ಲವೇ, ಇಳಿಯುತ್ತದೆ.

ಗೂಡಿನಲ್ಲಿದ್ದ ಬಟ್ಟೆಬರೆಯನ್ನೂ ಬಿಡಲಿಲ್ಲ. ಗೋಣಿಚೀಲ, ಬಾಗಿಲ ಪರದೆ, ಮೊಳೆಗೆ ನೇತುಹಾಕಿದ್ದ ಅಮ್ಮನ ಬೂದು ಸ್ವೆಟರ್, ಎಲ್ಲ ಬಿಸಿನೀರಿಗೆ ಹಾಕಿ ಎರಡೆರಡು ಸಲ ಸೋಪು ಹಾಕಿ ಒಗೆದೆ. ಅವಳು ಗೂಡಿಗೆ ಹೋಗುವಾಗ ತೊಡುತ್ತಿದ್ದಳಲ್ಲ, ಅದೇ. ಜೇಬಿನಲ್ಲಿ ಕಾಳು ಇನ್ನೂ ಇತ್ತು, ತೆಗೆದು ಪುಕ್ಕಲಿಗೆ ಹಾಕಿದೆ. ಹೊಸದರ ಹಾಗೆ ಆಗಿದೆ. ಒಣಗಿಸಿ ಮಡಿಚಿಟ್ಟಿದ್ದೇನೆ. ನನ್ನ ಬಟ್ಟೆ ಒಗೆಯುವಿಕೆಯನ್ನು ಅವಳು ಒಂದು ದಿನವೂ ಒಪ್ಪಿದವಳಲ್ಲ, ಇದನ್ನು ನೋಡಿದ್ದರೆ ಒಪ್ಪುತ್ತಿದ್ದಳು.

ಒಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ. ಈಚೆಗೆ ಗೂಡಿನೊಳಗೆ ಕಾಲಿಟ್ಟರೆ ಸಾಕು, ಕಣ್ಣಲ್ಲಿ ನೀರು ದಳದಳ ಇಳಿಯುತ್ತದೆ. ಮನೆಯೊಳಗೆ ಹಾಗಾಗುವುದಿಲ್ಲ. ಅವಳ ಮಂಚದ ಪಕ್ಕ ಕೂತರೂ ಆಗುವುದಿಲ್ಲ. ದುಃಖ ಎಲ್ಲಿ ಮನೆಮಾಡುತ್ತದೆ ಎಂದು ಯಾರು ಹೇಳಬಲ್ಲರು? ನನ್ನದು ಕೋಳಿಗೂಡಿನಲ್ಲಿ ಮಾಡಿದೆ. ಕೋಳಿಗಳೂ ಮಂಕಾಗಿವೆ. ಮೇಡಂ ಅಂತೂ ಒಂದು ಕಣ್ಣು ಮುಚ್ಚಿಕೊಂಡೇ ಕೂರುತ್ತಾಳೆ. ಅವಕ್ಕೂ ನೆನಪಿರುತ್ತದೆ ಅಲ್ಲವೇ?

ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್,
ಅಪ್ಪ


ನವೆಂಬರ್ 3

ಅಪ್ಪಾ,

ನಿನ್ನ ಅಕ್ಟೋಬರ್ ಆರರ ಪತ್ರ ಈಗ ಸಿಕ್ಕಿತು. ಏಜೆಂಟ್ ಇನ್ನು ಸ್ವಲ್ಪ ಹೊತ್ತಿನಲ್ಲಿ ದೋಣಿ ಹತ್ತಿ ವಾಪಸ್ ಹೋಗುತ್ತಾನೆ. ಇಲ್ಲಿ ಫೋನು ಸಿಗುತ್ತಿಲ್ಲ, ಅವನ ಕೈಗೇ ಕೊಡಬೇಕೆಂದು ಗೀಚುತ್ತಿದ್ದೇನೆ, ಅಕ್ಷರಕ್ಕೆ ಬೈಯಬೇಡ.

ಮುಚ್ಚಬೇಡ. ದಯವಿಟ್ಟು ಮುಚ್ಚಬೇಡ. ಮುಚ್ಚಿದ್ದರೆ ಈ ಕಾಗದ ಕೆಳಗಿಟ್ಟು ಹೋಗಿ ತೆರೆದು ಬಾ, ಆಮೇಲೆ ಮುಂದೆ ಓದು.

ನಮ್ಮ ಹಡಗಿನ ಹೊಟ್ಟೆಯ ತುಂಬ ಈಗ ಜೋಳ ಇದೆ. ನನ್ನ ಅರ್ಧ ಕೆಲಸ ಅದರ ಬೆವರು ಒರೆಸುವುದು ಎಂದರೆ ನೀನು ನಗುತ್ತೀಯ. ಆದರೆ ನಿಜ. ಕಾಳೂ ಉಸಿರಾಡುತ್ತದೆ ಅಪ್ಪ. ಬೆಚ್ಚಗಿನ ಒದ್ದೆ ಗಾಳಿ ಮೇಲಕ್ಕೆ ಏರುತ್ತದೆ, ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ, ಮತ್ತೆ ಕಾಳಿನ ಮೇಲೇ ತೊಟ್ಟಿಕ್ಕುತ್ತದೆ. ಆಮೇಲೆ ಬೂಷ್ಟು, ಆಮೇಲೆ ನಾತ. ಕೋಳಿಯೂ ಅಷ್ಟೇ. ರಾತ್ರಿಯೆಲ್ಲ ಉಸಿರಾಡುತ್ತದೆ, ಹಿಕ್ಕೆ ಹಾಕುತ್ತದೆ. ಒಣ ಹಿಕ್ಕೆ ಅಷ್ಟೇನೂ ನಾರುವುದಿಲ್ಲ, ಒದ್ದೆಯಾದರೆ ಮಾತ್ರ ಅಮೋನಿಯಾ ಏಳುವುದು. ಅಮ್ಮ ಮಾಡಿನ ಕೆಳಗೆ ಎರಡೂ ಕಡೆ ಬಿಟ್ಟಿದ್ದ ಕಿಂಡಿ ಇದೆಯಲ್ಲ, ಅದು ಆ ಒದ್ದೆ ಗಾಳಿ ಹೋಗುವ ದಾರಿ. ಬಡಗಿಯ ಹತ್ತಿರ ನಿಂತು ಜಗಳವಾಡಿ ಬಿಡಿಸಿದ್ದಳು, ನಾನೇ ನೋಡಿದ್ದೇನೆ. ಕೋಳಿ ಕೂರುವ ಕೋಲಿಗಿಂತ ಮೇಲೆ ಗಾಳಿ ಆಡಬೇಕು, ಕೂತ ಕೋಳಿಗೆ ನೇರ ಬೀಸಬಾರದು. ಚಳಿಗೆ ಹೆದರಬೇಡ. ಪುಕ್ಕ ಹೊದ್ದು ಹುಟ್ಟಿದವು ಅವು. ತೇವಕ್ಕೆ ಹೆದರು.

ಮೂಗಿಲ್ಲ ಎಂದು ಕೊರಗಬೇಡ, ಕೈ ಇದೆಯಲ್ಲ. ನೆಲಕ್ಕೆ ಹಾಸಿದ ಹೊಟ್ಟನ್ನು ಒಂದು ಹಿಡಿ ತೆಗೆದು ಹಿಸುಕು. ಬಿಟ್ಟಾಗ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಒದ್ದೆ ಹೆಚ್ಚು. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕು. ಎಲ್ಲಿಂದಲೋ ಬರುತ್ತಿರಲೇಬೇಕು.

ಇನ್ನೊಂದು ಮಾತು. ನಾನು ಹೊರಡುವಾಗ ಅಮ್ಮನ ಸ್ಕಾರ್ಫ್ ತಂದಿದ್ದೆ. ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದೆ. ಈಗ ಅದರಲ್ಲಿ ಬರೀ ಡೀಸೆಲ್ಲು, ಉಪ್ಪು. ಎಷ್ಟು ಮೂಸಿದರೂ ಅವಳು ಸಿಗುತ್ತಿಲ್ಲ. ಮೊನ್ನೆ ಅವಳ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದೆ, ಬರಲಿಲ್ಲ. ಭಯವಾಯಿತು. ಗೂಡಿನ ಮೊಳೆಗೆ ಅವಳ ಬೂದು ಸ್ವೆಟರ್ ಇದೆಯಲ್ಲ, ಅದನ್ನು ಕಳಿಸುತ್ತೀಯಾ? ಇರುವ ಹಾಗೇ ಒಂದು ಕವರಿಗೆ ಹಾಕಿ ಬಾಯಿ ಕಟ್ಟಿ ಕಳಿಸು. ಒಗೆಯಬೇಡ ಅಪ್ಪ.

ಏಜೆಂಟ್ ಕರೆಯುತ್ತಿದ್ದಾನೆ.

ನಿನ್ನ ಸೆಕೆಂಡ್ ಆಫೀಸರ್


ನವೆಂಬರ್ 27

ಮಗಳೇ,

ನಿನ್ನ ಕಾಗದವನ್ನು ಗೇಟಿನ ಹತ್ತಿರವೇ ಒಡೆದೆ. ಹೇಳಿದ ಹಾಗೆ ಅರ್ಧಕ್ಕೆ ನಿಲ್ಲಿಸಿ, ಕನ್ನಡಕ ಮೂಗಿನ ಮೇಲೇ ಇಟ್ಟುಕೊಂಡು ಹಿತ್ತಲಿಗೆ ಓಡಿ ಪ್ಲಾಸ್ಟಿಕ್ಕನ್ನೆಲ್ಲ ಹರಿದೆ. ತುರುಕಿದ ಬಟ್ಟೆ ಎಳೆದರೆ ನೀರು ತೊಟ್ಟಿಕ್ಕುತ್ತಿತ್ತು. ಕೋಳಿಗಳು ಹೊರಗೆ ಬಂದು ಬಾಯಿ ತೆರೆದು ನಿಂತವು. ಮೇಡಂನ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಅವಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಉಗುರುಬೆಚ್ಚಗಿನ ನೀರಲ್ಲಿ ಕಣ್ಣು ಒರೆಸುತ್ತಾ ಮೆಟ್ಟಿಲ ಮೇಲೆ ಕೂತು ಉಳಿದ ಅರ್ಧ ಓದಿದೆ.

ಸ್ವೆಟರಿನ ಮಾತನ್ನು ಮಾತ್ರ ಎರಡು ಸಲ ಓದಿದೆ.

ನಿನ್ನ ಕಾಗದ ನನ್ನ ಕೈಯಲ್ಲಿತ್ತು. ನನ್ನ ಎರಡನೆಯ ಕಾಗದ ಆಗಲೇ ಸಮುದ್ರದ ಮೇಲಿತ್ತು. ಅದರಲ್ಲಿ ನಾನು ಏನು ಬರೆದಿದ್ದೇನೆ ಎಂದು ನನಗೆ ಅಕ್ಷರ ಅಕ್ಷರ ನೆನಪಿದೆ. ಹೊಸದರ ಹಾಗೆ ಆಗಿದೆ ಎಂದು ಬೇರೆ ಬರೆದಿದ್ದೇನೆ. ಹಾಕಿದ ಕಾಗದವನ್ನು ಹಿಂದಕ್ಕೆ ಕರೆಯಲು ಆಗುತ್ತದೆಯೇ ಎಂದು ಅಂಚೆಯವನನ್ನು ಕೇಳಿದೆ. "ಎಲ್ಲಾರೂ ಕೇಳ್ತಾರೆ ಯಜಮಾನ್ರೇ" ಎಂದ.

ಕೋಳಿ ವಿಷಯ ಬರೆಯುತ್ತೇನೆ.

ಹೊಟ್ಟು ಹಿಸುಕಿದೆ. ಉಂಡೆಯಲ್ಲ, ಹಿಟ್ಟು ಕಲಸಿದ ಹಾಗೆ ಬೆರಳ ಸಂದಿಯಿಂದ ಬಂತು. ಎಲ್ಲ ಕೆರೆದು ತೆಗೆದು ಹಿತ್ತಲ ಗುಂಡಿಗೆ ಹಾಕಿ, ನಮ್ಮ ಬೀದಿಯ ಬಡಗಿಯಿಂದ ಒಣ ಮರದ ಹೊಟ್ಟು ತಂದು ಗೇಣು ದಪ್ಪಕ್ಕೆ ಹಾಸಿದೆ. ನೀರು ಎಲ್ಲಿಂದ ಎಂದು ಹುಡುಕು ಅಂದಿದ್ದೆಯಲ್ಲ, ಹುಡುಕಬೇಕಾಗಿರಲಿಲ್ಲ. ಅಮ್ಮ ನೀರಿನ ಡಬ್ಬವನ್ನು ತೊಲೆಯಿಂದ ಸರಪಳಿಯಲ್ಲಿ ಇಳಿಬಿಟ್ಟು, ಸರಪಳಿಯ ಇನ್ನೊಂದು ತುದಿಯನ್ನು ಬಾಗಿಲ ಪಕ್ಕದ ಕೊಕ್ಕೆಗೆ ಓರೆಯಾಗಿ ಎಳೆದು ಕಟ್ಟಿದ್ದಳು. ನಾನು ಒಳಗೆ ಹೋದಾಗೆಲ್ಲ ಆ ಸರಪಳಿ ನನ್ನ ಹಣೆಗೆ ಬಡಿಯುತ್ತಿತ್ತು. ಅವಳು ಕುಳ್ಳಿ, ಸರಪಳಿಯ ಕೆಳಗೆ ನುಸುಳಿಕೊಂಡು ಹೋಗುತ್ತಿದ್ದಳು. ಅವಳು ಹೋದ ಮೇಲೆ ಮೂರು ಸಲ ಹಣೆ ಒಡೆದುಕೊಂಡು, ಸಿಟ್ಟಿಗೆ ಸರಪಳಿ ಬಿಚ್ಚಿ ಡಬ್ಬವನ್ನು ನೆಲಕ್ಕಿಟ್ಟೆ. ಕೋಳಿ ಕೆದಕುವ ಜಾತಿ. ದಿನಾ ಒದ್ದು ಚೆಲ್ಲುತ್ತಿದ್ದವು, ನಾನು ದಿನಾ ತುಂಬುತ್ತಿದ್ದೆ. ಪಾಪ ಎಷ್ಟು ಬಾಯಾರಿಕೆ ಎಂದುಕೊಂಡೆ. ಈ ಲೆಕ್ಕದಲ್ಲಿ ನಾಲ್ಕು ಕೋಳಿ ಒಂದು ಎಮ್ಮೆಯಷ್ಟು ನೀರು ಕುಡಿದಿರಬೇಕು.

ಸರಪಳಿಯನ್ನು ಮತ್ತೆ ಅದೇ ಕೊಕ್ಕೆಗೆ ಹಾಕಿ ಡಬ್ಬ ತೂಗುಬಿಟ್ಟಿದ್ದೇನೆ, ಕೋಳಿಯ ಬೆನ್ನಿನ ಎತ್ತರಕ್ಕೆ. ಇವತ್ತು ಬೆಳಿಗ್ಗೆ ಸರಪಳಿ ಹಣೆಗೆ ಬಡಿಯಿತು. "ಬಗ್ಗಿ ಬನ್ನಿ ಅಂತ ಎಷ್ಟು ಸಲ ಹೇಳೋದು" ಎಂದು ಅವಳು ಬೈಯುತ್ತಿದ್ದ ಜಾಗಕ್ಕೇ ಬಡಿಯಿತು. ಬಗ್ಗುವುದನ್ನು ಕಲಿಯುತ್ತಿದ್ದೇನೆ.

ನಿನ್ನ
ಅಪ್ಪ


ನವೆಂಬರ್ 30

ಅಪ್ಪಾ,

ಎರಡನೆಯ ಪತ್ರ ಸಿಕ್ಕಿತು.

ಅದು ದುಃಖ ಅಲ್ಲ. ಅದು ಅಮೋನಿಯಾ. ನಿನ್ನ ಕಣ್ಣಿಗೇ ಹೀಗಾದರೆ ನೆಲಕ್ಕೆ ಹತ್ತಿರ ಇರುವ ಕೋಳಿಗಳಿಗೆ ಎಷ್ಟಾಗಿರಬೇಡ. ಇಷ್ಟು ಹೊತ್ತಿಗೆ ನನ್ನ ಪತ್ರ ತಲುಪಿ ನೀನು ಎಲ್ಲ ತೆರೆದಿರುತ್ತೀಯ ಎಂದುಕೊಂಡಿದ್ದೇನೆ. ಫಿನಾಯಿಲ್ ಬೇಡ. ಏನನ್ನೂ ಸುರಿಯಬೇಡ, ಸುರಿದದ್ದೆಲ್ಲ ತೇವ. ಕೂರುವ ಕೋಲಿನ ಕೆಳಗೆ ಒಂದು ಹಲಗೆ ಇಡು. ರಾತ್ರಿಯ ಹಿಕ್ಕೆ ಅದರ ಮೇಲೆ ಬೀಳುತ್ತದೆ, ಬೆಳಿಗ್ಗೆ ಕೆರೆದು ಹಾಕಿಬಿಡು. ಅಮ್ಮನ ಕೈಗನ್ನಡಿಯನ್ನು ಮಾಡಿನ ಹತ್ತಿರ ತೂಗುಹಾಕು. ಬೆಳಿಗ್ಗೆ ಮಬ್ಬಾಗಿದ್ದರೆ ಕಿಂಡಿ ಸಾಲದು ಎಂದರ್ಥ.

ಸ್ವೆಟರ್, ಪರವಾಗಿಲ್ಲ.

ಮಗಳು


ಜನವರಿ 11

ಕ್ಯಾಪ್ಟನ್ ಮಗಳಿಗೆ,

'ಪರವಾಗಿಲ್ಲ' ಎಂದು ನಿನ್ನ ಅಮ್ಮನೂ ಹೀಗೇ ಹೇಳುತ್ತಿದ್ದಳು. ಅವಳು ಹಾಗೆಂದ ದಿನ ನಾನು ಪಾತ್ರೆ ತೊಳೆದಿಡುತ್ತಿದ್ದೆ. ಇಲ್ಲಿ ನಿನ್ನ ಪಾತ್ರೆ ಯಾವುದೂ ಇಲ್ಲವಾದ್ದರಿಂದ ಗೂಡು ತೊಳೆಯದೆ, ಗೂಡು ಒಣಗಿಸುತ್ತಿದ್ದೇನೆ.

ಕಾಲೇಜಿನಲ್ಲಿ ಕೆಮಿಸ್ಟ್ರಿಯವರು ಬೋರ್ಡಿನ ಮೇಲೆ ಬರೆಸಿದ್ದರು: ಅಮೋನಿಯಾ ಈಸ್ ಎ ಕಲರ್‌ಲೆಸ್ ಗ್ಯಾಸ್ ವಿತ್ ಎ ಪಂಜೆಂಟ್ ಸ್ಮೆಲ್. ಉರು ಹೊಡೆದು ಮಾರ್ಕು ತೆಗೆದೆ. ಪಂಜೆಂಟ್ ಎಂದರೇನು ಎಂದು ಆಗ ಕೇಳಲಿಲ್ಲ, ಈಗ ಕಣ್ಣು ಹೇಳಿಕೊಟ್ಟಿತು. ಗೂಡಿನಲ್ಲಿ ಈಗ ಕಣ್ಣೀರು ಬರುವುದಿಲ್ಲ. ನಿಜ ಹೇಳಲಾ? ಸ್ವಲ್ಪ ಬೇಜಾರೇ ಆಯಿತು.

ಕನ್ನಡಿ ತೂಗುಹಾಕಿದೆ. ಮೊದಲು ಕೆಲವು ದಿನ ಮಬ್ಬು. ಕಿಂಡಿಗೆ ಅಡ್ಡವಿದ್ದ ಒಂದು ಪಟ್ಟಿ ಕಿತ್ತ ಮೇಲೆ ತಿಳಿಯಾಯಿತು. ಜಗಳಗಂಟಿ ಅದರಲ್ಲಿ ಇನ್ನೊಂದು ಕೋಳಿ ಕಂಡು ಕೋಲಿನ ಮೇಲೆ ಹಾರಿ ಕುಕ್ಕಿತು. ಮೇಡಂ ಬಾಚಣಿಗೆ ಮರೆತವಳ ಹಾಗೆ ನಿಂತು ನೋಡಿಕೊಂಡಳು. ಅವಳ ಕಣ್ಣು ಸರಿಹೋಗಿದೆ. ಕೈ ಒಣಗಿದೆ ಅನ್ನುತ್ತದೆ, ಕನ್ನಡಿ ಒಣಗಿದೆ ಅನ್ನುತ್ತದೆ. ಆದರೆ ಟೈಲರಮ್ಮನ ಕಿಟಕಿ ಮಾತ್ರ ಮುಚ್ಚಿಯೇ ಇತ್ತು.

ಕೊನೆಗೆ ಭಂಡಧೈರ್ಯ ಮಾಡಿ ಅವರ ಬಾಗಿಲು ತಟ್ಟಿದೆ.

"ಅಮ್ಮಾ, ಆವತ್ತು ನೀವು ಕೇಳಿದ್ರಲ್ಲ, ಮೂಗು ಕೆಲಸ ಮಾಡತ್ತಾ ಅಂತ. ಮಾಡಲ್ಲ. ಕಾರ್ಖಾನೇಲೇ ಹೋಯ್ತು. ಇಷ್ಟು ವರ್ಷ ನನ್ನ ಹೆಂಡತಿ ಮೂಗಲ್ಲಿ ಸಂಸಾರ ಮಾಡಿದೀನಿ."

ಅವರು ಮಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದರು. ಪಿನ್ನು ಬಾಯಲ್ಲೇ ಇತ್ತು, ಈ ಸಲ ನಿಜವಾಗಿಯೂ ನುಂಗಿದರೋ ಎಂದು ಹೆದರಿದೆ.

"ಅಯ್ಯೋ ನಿಮ್ಮ! ಮೊದ್ಲೇ ಬಾಯಿಬಿಡಬಾರ್ದಾ? ನಾನು ನಿಮ್ಮನ್ನ ಮಾನಗೆಟ್ಟೋರು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ."

"ಈಗ ಮೂಗುಗೆಟ್ಟೋರು ಅಂತ ಹೇಳಿ."

ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅಮ್ಮ ಇದ್ದಾಗಲೇ, ಗೋಡೆಯ ಹತ್ತಿರ. ಟೇಪು ಕೊರಳಲ್ಲಿ ಹಾಕಿಕೊಂಡೇ ನನ್ನ ಜೊತೆ ಬಂದರು. ಗೂಡಿನ ಬಾಗಿಲಲ್ಲಿ ನಿಂತು ಮೂಸಿ, "ಮೇಲೆ ಪರವಾಗಿಲ್ಲ" ಎಂದರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಮುಖವನ್ನು ಕೋಳಿಯ ಎತ್ತರಕ್ಕೆ ಇಳಿಸಿದರು. ತಕ್ಷಣ ಕೈ ಹೊಸ್ತಿಲ ಬಲಗಡೆಯ ಮೂಲೆಗೆ ಹೋಯಿತು. "ಇಲ್ಲಿ." ನಾನು ಹಿಸುಕಿದ್ದೆಲ್ಲ ನಡುವಿನ ಹೊಟ್ಟು. ಮೂಲೆಗೆ ಕೈ ಹಾಕಿದರೆ ಹಸಿ ಹಸಿ. ಮಾಡಿನ ಒಂದು ಮೊಳೆತೂತಿನಿಂದ ಮಳೆಹನಿ ಗೋಡೆಗುಂಟ ಇಳಿದು ಅಲ್ಲಿ ಸೇರುತ್ತಿತ್ತು. ಆ ತೂತು ನಾನೇ ಪ್ಲಾಸ್ಟಿಕ್ ಹೊಡೆಯುವಾಗ ಮಾಡಿದ್ದು ಎಂದು ಅವರಿಗೆ ಹೇಳಲಿಲ್ಲ. ನೀನೂ ಹೇಳಬೇಡ.

ಈಗ ವ್ಯವಸ್ಥೆ ಹೀಗಿದೆ. ಬೆಳಿಗ್ಗೆ ಹಲಗೆ ಕೆರೆದು, ಹೊಟ್ಟು ಕೆದಕಿ, ಗೋಡೆಯ ಹತ್ತಿರ ನಿಲ್ಲುತ್ತೇನೆ. ಟೈಲರಮ್ಮ ಕಿಟಕಿ ತೆರೆದು ಮೂಗು ಆಚೆ ಚಾಚುತ್ತಾರೆ. "ಹೂಂ" ಎಂದರೆ ಪಾಸು. "ಥೂ" ಎಂದರೆ ಫೇಲು, ಮತ್ತೆ ಹುಡುಕಬೇಕು. ನಿನ್ನೆ "ಹೂಂ" ಎಂದವರು ಸುಮ್ಮನಿರದೆ, "ಅಂಗಿ ಮಾತ್ರ ಥೂ" ಎಂದರು. ಹೋಗಿ ಬದಲಿಸಿಕೊಂಡು ಬಂದೆ.

ಆದರೂ ಕೊನೆಯ ತೀರ್ಮಾನ ಕೊಟ್ಟಿಲ್ಲ. ಚಳಿ ಮುಗಿಯಲಿ ಎನ್ನುತ್ತಾರೆ.

ಸ್ವೆಟರನ್ನು ಬೀರುವಿನಿಂದ ತೆಗೆದು ಮತ್ತೆ ಅದೇ ಮೊಳೆಗೆ ಹಾಕಿದ್ದೇನೆ. ಮಡಿಚಿಟ್ಟದ್ದು ನೋಡಲು ಆಗಲಿಲ್ಲ. ಬೆಳಿಗ್ಗೆ ಗೂಡಿಗೆ ಹೋಗುವಾಗ ಹೆಗಲ ಮೇಲೆ ಹಾಕಿಕೊಳ್ಳುತ್ತೇನೆ, ತೋಳು ನನಗೆ ಹಿಡಿಸುವುದಿಲ್ಲ. ಜೇಬಿಗೆ ಕಾಳು ತುಂಬಿಕೊಳ್ಳಲು ಅನುಕೂಲ.

ಹೋಪಿಂಗ್ ದಿಸ್ ಫೈಂಡ್ಸ್ ಯು,
ಅಪ್ಪ


ಫೆಬ್ರವರಿ 24

ಮಗಳೇ,

ಈ ಪತ್ರದ ಜೊತೆ ಒಂದು ಪಾರ್ಸೆಲ್ ಇದೆ. ಮೊದಲು ಇದನ್ನು ಓದು, ಆಮೇಲೆ ಬಿಚ್ಚು.

ನಿನ್ನೆ ಟೈಲರಮ್ಮ ಕೊನೆಯ ಪರೀಕ್ಷೆಗೆ ಬಂದರು. ಕಾಲವಲ್ಲದ ಕಾಲದಲ್ಲಿ ವಾರವಿಡೀ ಜಡಿಮಳೆ ಹಿಡಿದು ಬಿಟ್ಟಿತ್ತು. "ಮಳೆ ಬಿಟ್ಟ ಮಾರನೇ ದಿನ ಮೂಸಿದ್ರೇನೇ ಸತ್ಯ ಗೊತ್ತಾಗೋದು" ಎಂದು ಬೇಕೆಂದೇ ಆ ದಿನ ಆರಿಸಿದ್ದರು. ಕೈಯಲ್ಲಿ ಬಿಳಿ ರೇಷ್ಮೆ ಬಟ್ಟೆಯ ಒಂದು ತುಂಡು. ಅದನ್ನು ಗೂಡಿನೊಳಗೆ ನೇತುಹಾಕಿ, ಹೊರಗೆ ಕಲ್ಲಿನ ಮೇಲೆ ಕೂತು ನನ್ನ ಜೊತೆ ಚಹಾ ಕುಡಿದರು. ನಾನು ಲೋಟ ಹಿಡಿದು ಗೂಡಿನ ಬಾಗಿಲನ್ನೇ ನೋಡುತ್ತಿದ್ದೆ. ಕೋಳಿಗಳು ಏನೂ ಅರಿಯದ ಹಾಗೆ ಕಾಲಬುಡದಲ್ಲಿ ಕೆದಕುತ್ತಿದ್ದವು. ಪುಕ್ಕಲಿಯನ್ನು ನೋಡಿ, ಇವಳನ್ನು ಬೇರೆ ಮನೆಗೆ ಕೊಟ್ಟರೆ ಹೆದರಿಯೇ ಸಾಯುತ್ತಾಳೆ ಎಂದುಕೊಂಡೆ.

ಲೋಟ ಕೆಳಗಿಟ್ಟು ಒಳಗೆ ಹೋದರು. ಕುಕ್ಕರಗಾಲಲ್ಲಿ ಕೂತರು, ಮೂಲೆ ಮೂಲೆ ನೋಡಿದರು, ರೇಷ್ಮೆಯ ತುಂಡನ್ನು ಮೂಗಿಗೆ ಹಿಡಿದರು. ಎದ್ದು ತಿರುಗುವಾಗ ಸರಪಳಿ ತಪ್ಪಿಸಿಕೊಳ್ಳಲು ಬಗ್ಗಿದರು. ಮುಖ ಸೀದಾ ಮೊಳೆಗೆ ಹಾಕಿದ್ದ ಸ್ವೆಟರಿಗೆ ಹೋಗಿ ತಾಗಿತು.

ಹಾಗೇ ನಿಂತುಬಿಟ್ಟರು.

"ಏನಾಯ್ತಮ್ಮ?"

ಸ್ವೆಟರನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮುಖಕ್ಕೆ ಒತ್ತಿಕೊಂಡರು.

"ಯಜಮಾನ್ರೇ, ಇವರು ಇಲ್ಲೇ ಇದಾರಲ್ರೀ."

"ಯಾರು?"

"ಇನ್ಯಾರು? ಬೆಳಿಗ್ಗೆ ಹೊತ್ತು ಗೋಡೆ ಹತ್ರ ಬಂದು ನಿಂತ್ಕೊಂಡು, ಎದ್ಯೇನೇ, ಮೊಟ್ಟೆ ತಗೋ ಅಂತಿದ್ರಲ್ಲ. ಕೂಗೋದಕ್ಕೆ ಮುಂಚೆ ಈ ವಾಸನೆ ಬರ್ತಿತ್ತು. ನನಗೆ ಅದ್ರಲ್ಲೇ ಗೊತ್ತಾಗ್ತಿತ್ತು, ಬಂದ್ರು ಅಂತ."

ನಾನು ನಂಬಲಿಲ್ಲ. ಎರಡು ಸಲ ಸೋಪು ಹಾಕಿ ಒಗೆದದ್ದು ಎಂದೆ. ಸಮಾಧಾನಕ್ಕೆ ಹೇಳಬೇಡಿ, ಇದು ನನ್ನ ಮಗಳ ವಿಷಯ ಎಂದೆ. ಅವರಿಗೆ ಸಿಟ್ಟೇ ಬಂತು.

"ನಾನ್ಯಾಕ್ರೀ ಸುಳ್ಳು ಹೇಳ್ಲಿ? ಒಣ ಮರದ ಹೊಟ್ಟು, ಕಾಳಿನ ಧೂಳು, ಬಿಸಿಲಲ್ಲಿ ಬಿದ್ದೆದ್ದ ಕೋಳಿ ಪುಕ್ಕ. ಬೆಳಿಗ್ಗೆ ಇಷ್ಟೇ ರೀ ಅವರ ವಾಸನೆ. ನೀವು ಒಗೆದ್ರಿ, ಹೋಯ್ತು. ಗೂಡು ಅವರ ಥರಾನೇ ಇಟ್ರಿ, ಬಂತು. ಅಷ್ಟೇ."

ಇನ್ನೊಂದು ಸಲ ಮೂಸಿಸಿದೆ. ಕಣ್ಣು ಮುಚ್ಚಿಸಿ ಮೂಸಿಸಿದೆ. ಮಧ್ಯೆ ನನ್ನ ಅಂಗಿ ಹಿಡಿದು ಮೋಸ ಮಾಡಿದೆ. "ಥೂ, ಇದು ನೀವು" ಎಂದು ಮುಖ ಆಚೆ ತಿರುಗಿಸಿದರು. ಅಲ್ಲಿಗೆ ನಂಬಿದೆ.

ಆಮೇಲೆ ನನ್ನ ಕಣ್ಣಿಂದ ನೀರು ಬಂತು. ಗೂಡಿನಲ್ಲಿ ಅಮೋನಿಯಾ ಇರಲಿಲ್ಲ ಮಗಳೇ. ಆಗ ತಾನೇ ಪರೀಕ್ಷೆ ಆಗಿತ್ತು.

ಹೋಗುವಾಗ ಗೇಟಿನ ಹತ್ತಿರ ನೆನಪಿಸಿದೆ, ತೀರ್ಪು ಹೇಳಲೇ ಇಲ್ಲವಲ್ಲ ಎಂದು. "ಕೋಳಿ ಇರ್ಲಿ. ಆದ್ರೆ ನನ್ನ ಪಾಲಿನ ಮೊಟ್ಟೆ ಇಷ್ಟು ತಿಂಗಳಿಂದ ಬಂದಿಲ್ಲ, ಅದರ ಮಾತೇನು?" ಎಂದರು. ಇವತ್ತು ಬೆಳಿಗ್ಗೆ ಗೋಡೆಯ ಹತ್ತಿರ ಹೋಗಿ ಕೊಟ್ಟೆ. ನಿನ್ನ ಅಮ್ಮನ ಹಾಗೆ ಕೂಗಲು ಬರಲಿಲ್ಲ, ಕೆಮ್ಮಿದೆ.

ಪಾರ್ಸೆಲಿನಲ್ಲಿರುವುದು ಆ ಸ್ವೆಟರ್. ಇರುವ ಹಾಗೇ ಕವರಿಗೆ ಹಾಕಿ ಬಾಯಿ ಕಟ್ಟಿದ್ದೇನೆ. ಒಗೆದಿಲ್ಲ. ಒಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಅದು ಬರೀ ಉಣ್ಣೆ. ಟೈಲರಮ್ಮನ ಮೂಗನ್ನು ನಂಬಿ ಕಳಿಸುತ್ತಿದ್ದೇನೆ. ಅವಳಲ್ಲದಿದ್ದರೆ 'ಪರವಾಗಿಲ್ಲ' ಎಂದು ಮಾತ್ರ ಬರೆಯಬೇಡ. ಬೈದು ಬರೆ.

ಅಪ್ಪ


ಏಪ್ರಿಲ್ 2

ಅಪ್ಪಾ,

ಪಾರ್ಸೆಲ್ ನಿನ್ನೆ ಸಿಕ್ಕಿತು. ಕೆಲಸ ಮುಗಿಯುವವರೆಗೆ ಬಿಚ್ಚಲಿಲ್ಲ. ಬಿಚ್ಚಲು ಭಯವಾಯಿತು ಎಂದರೂ ಸರಿಯೇ. ಸಂಜೆ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಗಂಟು ಬಿಚ್ಚಿದೆ. ನೀನು ಕಟ್ಟಿದ ಗಂಟು, ಹಲ್ಲು ಹಾಕಬೇಕಾಯಿತು.

ನಾನು ಶಾಲೆಯಿಂದ ಬಂದಾಗ ಅಮ್ಮ ಗೂಡಿನಲ್ಲೇ ಇರುತ್ತಿದ್ದಳು. ಚೀಲ ಎಸೆದು ಓಡಿಹೋಗಿ ಹಿಂದಿನಿಂದ ತಬ್ಬಿಕೊಂಡರೆ ನನ್ನ ಮುಖ ಸರಿಯಾಗಿ ಆ ಜೇಬಿನ ಮೇಲಿರುತ್ತಿತ್ತು. "ಬಿಡೇ, ಮೊಟ್ಟೆ ಒಡೆಯತ್ತೆ" ಅನ್ನುವಳು. ಅಷ್ಟೂ ಬಂತು ಅಪ್ಪ. ಮೊಟ್ಟೆಯೊಂದು ಬಿಟ್ಟು ಅಷ್ಟೂ ಬಂತು. ಟೈಲರಮ್ಮನಿಗೆ ಹೇಳು, ಹೂಂ.

ಜೇಬಿನಲ್ಲಿ ಕಾಳು ಇತ್ತು. ನೀನು ತುಂಬಿದ್ದು ಇರಬೇಕು. ಹಡಗಿನ ತುಂಬ ಕಾಳು ಹೊತ್ತು ತಿರುಗುವವಳು ನಾನು, ಆ ಒಂದು ಹಿಡಿಯನ್ನು ಲೋಟದಲ್ಲಿಟ್ಟು ಮುಚ್ಚಿದ್ದೇನೆ.

ಜೂನಿನಲ್ಲಿ ರಜೆ ಸಿಕ್ಕಿದೆ. ಬಂದ ದಿನ ಗೂಡಿಗೆ ನಾನೇ ಹೋಗುತ್ತೇನೆ. ಸರಪಳಿಗೆ ಬಗ್ಗುವುದು ನನಗೆ ಗೊತ್ತು. ಅಲ್ಲಿಯವರೆಗೆ ಏನನ್ನೂ ಬದಲಿಸಬೇಡ.

ಇಲ್ಲಿ ಒಂದು ತಮಾಷೆಯಾಗಿದೆ. ಹಡಗಿನಲ್ಲಿ ಎಲ್ಲರಿಗೂ ಗಾಳಿ ಆಡಲಿ, ಗಾಳಿ ಆಡಲಿ ಎಂದು ಬಡಿದುಕೊಳ್ಳುವವಳು ನಾನು. ನಿನಗೂ ಅದನ್ನೇ ಬರೆದೆ. ನಿನ್ನೆ ಸಂಜೆಯಿಂದ ನನ್ನ ಕ್ಯಾಬಿನ್ನಿನ ಗಾಳಿಕಿಂಡಿಗೆ ಟವೆಲು ತುರುಕಿ ಮುಚ್ಚಿಟ್ಟಿದ್ದೇನೆ. ಗೋಡೆಯ ಮೇಲೆ ಆಗಲೇ ನೀರಹನಿ ಕೂತಿವೆ. ಚೆಂದ ಕಾಣುತ್ತಿವೆ. ಇನ್ನೊಂದು ದಿನ ಇರಲಿ, ಆಮೇಲೆ ತೆರೆಯುತ್ತೇನೆ.

ನಿನ್ನ ಕ್ಯಾಪ್ಟನ್